ಒಂದೇ ಪುಟದಲ್ಲಿ ಇಪ್ಪತ್ಮೂರು ಮಂದಿ

"ಅಮ್ಮಾ, ಇದು ಕಾದಂಬರಿನಾ, ಲಗ್ನಪತ್ರಿಕೆನಾ?" ಮುಳಬಾಗಿಲಿನ ಡಿಟಿಪಿ ಅಂಗಡಿಯಲ್ಲಿ ನನ್ನ ಹಾಳೆ ಟೈಪ್ ಮಾಡುತ್ತಿದ್ದ ಪದ್ಮಾ ಅರ್ಧಕ್ಕೇ ಕೈ ನಿಲ್ಲಿಸಿ ಕೇಳಿದಳು.

ಆರು ವರ್ಷ ಬರೆದ ಕಾದಂಬರಿಯನ್ನು ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದ್ದರು. ಮೂರನೆಯವರು ಮೊದಲು ಒಂದು ಪುಟದ ಸಾರಾಂಶ ಕೇಳಿದ್ದರು. ಇದೂ ಕೈತಪ್ಪಿದರೆ ಎಂಬ ದಿಗಿಲಿಗೆ, ಯಾರನ್ನೂ ಬಿಡದೆ ಇಪ್ಪತ್ಮೂರು ಪಾತ್ರಗಳನ್ನೂ ಆ ಪುಟಕ್ಕೆ ತುರುಕಿದ್ದೆ.

"ಹೆಸರು ಬಿಟ್ರೆ ಮುನಿಸ್ಕೊಂತಾರೆ ಅಂತ ಕಾರ್ಡಲ್ಲಿ ಅತ್ತೆ, ಚಿಕ್ಕಪ್ಪ, ಬಾವ ಎಲ್ಲಾರ್ನೂ ಹಾಕಿಸ್ತಾರಲ್ಲ, ಹಂಗೈತೆ," ಎಂದಳು. "ಸುಖಾಗಮನ ಬಯಸೋರೆಲ್ಲ ಇದಾರೆ, ಪೆಳ್ಳಿಕೂತುರೇ ಕಾಣಿಸ್ತಿಲ್ಲ. ನಿಮ್ ಕಥೆಗೆ ಮದುಮಗಳು ಯಾರು?"

ಚೌಡಕ್ಕ ಎಂದೆ. ಗಂಡನ ಮನೆಯವರು ಮಾರಿಬಿಟ್ಟ ಹಿಪ್ಪುನೇರಳೆ ತೋಟವನ್ನು ಮತ್ತೆ ತನ್ನದಾಗಿಸಿಕೊಳ್ಳಲು ಹೊರಟವಳು. ಇಬ್ಬರೂ ಬಗ್ಗಿ ಹುಡುಕಿದೆವು. ಹದಿನೇಳನೇ ಸಾಲಿನಲ್ಲಿ, ಯಾರದೋ ನಾದಿನಿಯಾಗಿ ಸಿಕ್ಕಳು.

ಸಾರಾಂಶ ಕಳಿಸದೆ ಮನೆಗೆ ಬಂದು ಹಸ್ತಪ್ರತಿ ತೆರೆದೆ. ಅಲ್ಲೂ ಚೌಡಕ್ಕ ಬರುವುದು ತೊಂಬತ್ತನೇ ಪುಟಕ್ಕೇ. ಪ್ರಕಾಶಕರ ಮೇಲಿದ್ದ ಸಿಟ್ಟು ಇಳಿಯಿತು, ಆದರೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು, ಅದು ಉಕ್ಕುವವರೆಗೂ ಮೊದಲ ಪುಟವನ್ನೇ ಮತ್ತೆ ಮತ್ತೆ ಬರೆಯುತ್ತಿದ್ದೇನೆ.