ಖಂಡೆ ಪೂಜೆಯ ದಿನ ಸಿಕ್ಕ ನೌಕರಿ

ನಾನು ಕಂಪ್ಯೂಟರ್ ಕಲಿತದ್ದು ತಂಪಿಗಾಗಿ. ಬೇರೆಯವರು ಇದಕ್ಕೆ ಏನೇನೋ ದೊಡ್ಡ ಕಾರಣ ಹೇಳುತ್ತಾರೆ, ಹೇಳಲಿ. ತೊಂಬತ್ತರ ದಶಕದಲ್ಲಿ ಸದಲಗಾದಿಂದ ನಿಪ್ಪಾಣಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಆ ಕ್ಲಾಸು ಇದ್ದದ್ದು ತಂಬಾಕಿನ ವಖಾರದ, ಅಂದರೆ ಗೋದಾಮಿನ, ಮಾಳಿಗೆಯ ಮೇಲೆ. ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ತಂಬಾಕಿನ ಘಾಟಿಗೆ ಸೀನಿ ಸೀನಿ ಮೂಗು ಕೆಂಪಾಗುತ್ತಿತ್ತು. ಎದುರಿನ ಕಟ್ಟಡದಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿ ತೆರೆಯುವಂತಿಲ್ಲ, ಒಳಗೆ ಎ.ಸಿ. ಒಮ್ಮೆ ಇಣುಕಿದೆ. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು, ಸೀನು ನಿಂತಿತು. ಅಂದೇ ಹೆಸರು ಹಚ್ಚಿದೆ.

ಕಲಿಸುವ ಸರ್ ಕೊಲ್ಲಾಪುರದ ಕಡೆಯವರು. ಪುಸ್ತಕ ಇಂಗ್ಲಿಷಿನದು, ಪಾಠ ಮರಾಠಿಯಲ್ಲಿ, ಬೈಗುಳ ಮಾತ್ರ ನಮ್ಮ ಮೇಲಿನ ಪ್ರೀತಿಗೆ ಕನ್ನಡದಲ್ಲಿ.

ಅಪ್ಪನಿಗೆ ಇದು ಸರಿ ಬರಲಿಲ್ಲ. ಅಥಣಿಯ ದ್ರಾಕ್ಷಿ ತೋಟದವರಿಂದ ನನಗೊಂದು ಸಂಬಂಧ ಬಂದಿತ್ತು. ಅವರು ಒಂದು ಡಬ್ಬಿ ಒಣದ್ರಾಕ್ಷಿ ಕೊಟ್ಟು ಹೋಗಿದ್ದರು. ನಾವೆಲ್ಲ ಸೇರಿ, ಹೆಚ್ಚಾಗಿ ನಾನೇ, ಅದನ್ನು ಖಾಲಿ ಮಾಡಿದ್ದೆವು. ತಿಂದ ಮೇಲೆ ಒಲ್ಲೆ ಎನ್ನುವುದು ಹೇಗೆ ಎಂಬುದೇ ಅಪ್ಪನ ಸಂಕಟ.

“ದೀಪಾವಳಿ ತನಕಾ ನೌಕರಿ ಸಿಕ್ಕರ ಸಿಕ್ತು. ಇಲ್ಲಂದ್ರ ಅಥಣಿಯವರಿಗೆ ಹೂಂ ಅಂತೀನಿ ನೋಡವಾ,” ಎಂದ.

ಹುಡುಗ ಕೆಟ್ಟವನೇನಲ್ಲ. ಆದರೆ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ನನಗಾಗುತ್ತಿದ್ದ ಖುಷಿಯನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಅಷ್ಟರಲ್ಲಿ ನಮ್ಮೂರ ಹಾಲಿನ ಡೇರಿಗೆ ಕಂಪ್ಯೂಟರ್ ಬಂತು. ಚೇರ್ಮನ್ನರು ಪರೀಕ್ಷೆ ಎಂದು ಹಾಲು ಹಾಕುವ ಮನೆಗಳ ಹೆಸರುಗಳನ್ನೆಲ್ಲ ನನ್ನಿಂದ ಅದರಲ್ಲಿ ಟೈಪ್ ಮಾಡಿಸಿದರು. “ಒಳ್ಳೇ ದಿನಾ ನೋಡಿ ಬಂದು ಎಲ್ಲಾರ ಮುಂದ ನಡಿಸಿ ತೋರ್ಸು. ನಡೀತಂದ್ರ ನೌಕರಿ ನಿಂದು, ಇಲ್ಲಂದ್ರ ಮಶೀನ್ ವಾಪಸ್,” ಎಂದರು.

ಒಳ್ಳೆಯ ದಿನ ಕೇಳಲು ಅಪ್ಪ ಊರ ಅಯ್ಯನವರ ಮನೆಗೆ ಓಡಿದ. ಅವರು ಲೆಕ್ಕ ಹಾಕಿ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನವನ್ನೇ ಹೇಳಿದರು. ಅಂದು ಹತಾರಗಳನ್ನು ಪೂಜೆಗೆ ಇಟ್ಟ ಮೇಲೆ ಮರುದಿನದ ತನಕ ಯಾರೂ ಅವನ್ನು ಕೆಲಸಕ್ಕೆ ಹಚ್ಚುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದೆವು.

ಹೊಸ ಸೀರೆ ಉಟ್ಟು ಹೋಗಿ ನೋಡುತ್ತೇನೆ, ಕುಡಗೋಲು, ತಕ್ಕಡಿ, ಹಾಲಿನ ಕ್ಯಾನುಗಳ ಸಾಲಿನಲ್ಲಿ ಕಂಪ್ಯೂಟರ್ ಚೆಂಡು ಹೂವಿನ ಮಾಲೆ ಹಾಕಿಕೊಂಡು, ವಿಭೂತಿ ಬಳಿದುಕೊಂಡು ಮದುಮಗನಂತೆ ಕೂತಿದೆ. ಕೀಬೋರ್ಡಿನ ಮೇಲೊಂದು ತೆಂಗಿನಕಾಯಿ.

“ಮುಟ್ಟಬ್ಯಾಡವಾ!” ಎಂದು ಅಯ್ಯನವರು ಕೂಗಿದರು.

ಅಪ್ಪ ರೇಗಿದ. “ಈ ದಿನಾ ಹೇಳಿದವರು ನೀವ ಅಲ್ರಿ?”

“ದಿನಾ ಒಳ್ಳೇದ ಐತಿ. ಕೆಲಸಾ ಮಾಡಂತ ನಾ ಎಲ್ಲಿ ಹೇಳೀನಿ?”

ಚೇರ್ಮನ್ನರು ನನ್ನ ಕಡೆ ನೋಡಿ, “ಮಂದಿ ಎಲ್ಲಾ ಕುಂತಾರ. ಇವತ್ತ ತೋರ್ಸಲಿಲ್ಲಂದ್ರ ಮಶೀನ ಬ್ಯಾಡ ಅಂತಾರ,” ಎಂದು ಪಿಸುಗುಟ್ಟಿದರು. ನನಗೆ ಒಣದ್ರಾಕ್ಷಿಯ ಡಬ್ಬಿ ಕಣ್ಣ ಮುಂದೆ ಬಂತು. ಅಲ್ಲೇ ಅತ್ತುಬಿಡುವ ಹಾಗಾಗಿತ್ತು.

ಅಯ್ಯನವರು ಪೂಜೆ ಮುಂದುವರಿಸಿ, ಒಂದೊಂದೇ ಮನೆಯ ಹೆಸರು ಹಿಡಿದು ಹರಸತೊಡಗಿದರು. ಪ್ರತಿ ವರ್ಷವೂ ಅವರು ಯಾವುದಾದರೊಂದು ಮನೆ ಮರೆಯುತ್ತಿದ್ದರು. ಹಿಂದಿನ ವರ್ಷ ಬಿಟ್ಟುಹೋದ ಮನೆಯ ಎಮ್ಮೆಯ ಹಾಲು ಬತ್ತಿ, ಆ ಮನೆಯ ಮುದುಕ ಅವರ ಜೊತೆ ಮಾತೇ ಬಿಟ್ಟಿದ್ದ. ಈ ಸಲ ಆತ ಎಲ್ಲರಿಗಿಂತ ಮುಂದೆ ಕೂತು ಅವರನ್ನೇ ದುರುಗುಟ್ಟಿ ನೋಡುತ್ತಿದ್ದ.

ನಾನು ಧೈರ್ಯ ಮಾಡಿ ಅಯ್ಯನವರನ್ನು ಕೇಳಿದೆ. “ಅಜ್ಜಾರ, ಹೆಸರ ಹೇಳೂದು ಪೂಜಿನ ಅಲ್ರಿ?”

“ಹೌದವಾ.”

“ಹಂಗಾರ ಈ ಮಶೀನ ಹೇಳಿದ್ರನೂ ಪೂಜಿನ ಆತಲ್ರಿ. ಒಂದ ಮನಿನೂ ಬಿಡೂದಿಲ್ಲ.”

ಅಯ್ಯನವರು ಮುದುಕನ ಮುಖ ನೋಡಿದರು. ಆಮೇಲೆ ಕೀಬೋರ್ಡಿನ ಮೇಲಿನ ತೆಂಗಿನಕಾಯಿಯನ್ನು ತಾವೇ ಎತ್ತಿಟ್ಟರು.

ನಾನು ಕೀ ಒತ್ತಿದೆ, ಪಕ್ಕದ ಪ್ರಿಂಟರ್ ಕಿರ್ರೆಂದು ಕೂಗಿತು. ಹೊರಗೆ ಕಟ್ಟಿದ್ದ ಎಮ್ಮೆಯೊಂದು ಹಗ್ಗ ಹರಿದುಕೊಂಡು ಓಡಿತು. ಇದೇ ಮಂಗಳಾರತಿ ಎಂದುಕೊಂಡು ಹಲವರು ಕೈ ಮುಗಿದರು. ಹಾಳೆ ಉದ್ದಕ್ಕೆ ಹೊರಬರುತ್ತಿದ್ದಂತೆ ನಾನು ಓದಿದೆ, ಅಯ್ಯನವರು ಹರಸಿದರು. ಮುದುಕನ ಹೆಸರು ಬಂದಾಗ ಆತ ಎದ್ದು ನಿಂತ.

“ಇನ್ನೊಮ್ಮೆ ಹೊಡಿಯವಾ. ಹ್ವಾದ ವರ್ಷದ್ದು ಬಾಕಿ ಐತಿ.”

ಹೊಡೆದೆ. ಚೇರ್ಮನ್ನರು ನಗುತ್ತ, “ನಾಳೆ ದಸರಾ, ಬನ್ನಿ ಎಲಿ ಹಂಚೂದು ಮುಗಿಸಿ, ನಾಡಿದ್ದ ಕೆಲಸಕ್ಕ ಬಾ,” ಎಂದರು.

ದೀಪಾವಳಿಗೆ ಮೊದಲು ಅವ್ವ ಆ ಖಾಲಿ ಡಬ್ಬಿಗೆ ಪೇಡೆ ತುಂಬಿ ಕೊಟ್ಟಳು. ಹುಡುಗಿ ನೌಕರಿಗೆ ಸೇರಿದ್ದಾಳೆ, ಈಗಲೇ ಲಗ್ನ ಒಲ್ಲೆ ಎನ್ನುತ್ತಾಳೆ ಎಂದು ಹೇಳಲು ಅಪ್ಪ ಅಥಣಿಯ ಬಸ್ಸು ಹತ್ತಿದ. ಸಂಜೆ ಅವನು ಬರುವ ತನಕ ನನಗೆ ಊಟ ಸೇರಲಿಲ್ಲ.

“ಬೈದ್ರೇನಪ್ಪಾ?”

“ಬೈಲಿಲ್ಲ. ನಿನ್ನ ಕ್ಲಾಸಿನ ಸುದ್ದಿ ಎಲ್ಲಾ ಹೇಳಿದ್ನಿ. ಹೊರಡೂ ಮುಂದ ಹುಡಗನ ತಂಗಿ ಬಾಗಲ ತನಕಾ ಬಂದು ಮೆಲ್ಲಕ ಕೇಳಿದಳು, ‘ಕಾಕಾ, ಆ ಕಂಪ್ಯೂಟರ್ ಖೋಲಿ ಖರೇನ ಅಷ್ಟ ತಂಪ ಇರತೈತೇನ್ರಿ?’ ಅಂತ.”

“ನೀ ಏನಂದಿ?”

ಅಪ್ಪ ಖಾಲಿ ಚೀಲ ಗೂಟಕ್ಕೆ ಹಾಕಿದ.

“ಸ್ವೆಟರ್ ಹಾಕ್ಕೊಂಡ ಹೋಗವಾ ಅಂದ್ನಿ.”