ಮೆಮೊರಿಗೆ ಹಚ್ಚಿದ ವಿಭೂತಿ

ಮಂಡಿಪೇಟೆಯ ನಮ್ಮ ಮನೆಯಲ್ಲಿ ನನ್ನ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡಿದವರಿಲ್ಲ. ಅದೇ ತೊಂದರೆ. ಬೈಯುವವರಾಗಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಕೆಳಗೆ ಮಾವನವರ ಬೆಲ್ಲದ ಅಂಗಡಿ, ಮೇಲೆ ನಾವು. ಮೆಟ್ಟಿಲಿಳಿದರೆ ಅಂಗಡಿಯೊಳಗೇ ಇಳಿಯಬೇಕು. "ಎಲ್ಲಿಗವ್ವಾ? ಏನ್ ಬೇಕು ಹೇಳು, ತರಸ್ತೀನಿ" ಎನ್ನುತ್ತಿದ್ದರು ಮಾವ. ಎಲ್ಲವೂ ಮನೆಗೇ ಬರುತ್ತಿತ್ತು, ಬಳೆಗಾರನ ಸಮೇತ.

ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನನಗಿದ್ದ ಒಂದೇ ಹೊರದಾರಿ ಪಕ್ಕದ ಊರು ಹರಿಹರ. ಅಲ್ಲಿನ ಒಂದು ಪ್ರೆಸ್ಸಿಗೆ ಲಗ್ನಪತ್ರಿಕೆ, ಕರಪತ್ರಗಳ ಪುಟ ಜೋಡಿಸಿಕೊಡುತ್ತಿದ್ದೆ. ಮದುವೆಗೆ ಮೊದಲೇ ಕಲಿತ ಕೆಲಸ. ನಮ್ಮ ಯಜಮಾನರು ನನಗೆಂದೇ ಯಾರೋ ಬಳಸಿದ ಲ್ಯಾಪ್‌ಟಾಪ್ ಒಂದನ್ನು ತಂದುಕೊಟ್ಟಿದ್ದರು. ಆದರೆ ಅದರ ಮೆಮೊರಿ ಎಷ್ಟು ಕಡಿಮೆಯೆಂದರೆ, ಕನ್ನಡದ ಅಕ್ಷರ ಮೂಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಇಡೀ ಪುಟ ತೆರೆದರಂತೂ ನಿಂತೇಬಿಡುತ್ತಿತ್ತು. ಹೀಗಾಗಿ ವಾರಕ್ಕೆರಡು ಸಲ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಕೆಲಸ ಮುಗಿಸಲು ಬಸ್ಸು ಹತ್ತುತ್ತಿದ್ದೆ. ದಾರಿಯಲ್ಲಿ ಬಾತಿ ಎಂಬ ಹಳ್ಳಿ ದಾಟಿದ ಮೇಲೆ ತಲೆಯ ಮೇಲಿನ ಸೆರಗು ಜಾರಿದರೂ ಎಳೆದುಕೊಳ್ಳುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗುವವರ ನೂಕುನುಗ್ಗಲಿನಲ್ಲಿ ನಿಂತೇ ಹೋಗಬೇಕಾಗುತ್ತಿತ್ತು. ಅದೂ ಖುಷಿಯೇ. ಆ ಬಸ್ಸಿನಲ್ಲಿ ನಾನು ಯಾರ ಸೊಸೆಯೂ ಅಲ್ಲ.

ಒಂದು ದಿನ ಯಜಮಾನರು ಹೇಳಿದರು, "ಅದಕ್ಕ ಇನ್ನಷ್ಟು ಮೆಮೊರಿ ಹಾಕಿಸಿದ್ರ ನೀನು ಬಸ್ಸಿನ್ಯಾಗ ಒದ್ದಾಡಾದು ತಪ್ಪತೈತೆ." ಪ್ರೀತಿಯಿಂದಲೇ ಹೇಳಿದರು. ಆ ಒದ್ದಾಟವೇ ನನಗೆ ಬೇಕು ಎಂದು ಯಾವ ಬಾಯಲ್ಲಿ ಹೇಳಲಿ? "ಈಗ್ಯಾಕ್ರಿ, ಬ್ಯಾಡ" ಎಂದೆ. ಸಂಕೋಚಪಡುತ್ತಿದ್ದೇನೆ ಎಂದುಕೊಂಡು ಮರುದಿನವೇ ನನ್ನನ್ನೂ ಲ್ಯಾಪ್‌ಟಾಪನ್ನೂ ಕರೆದೊಯ್ದರು.

ಕಂಪ್ಯೂಟರ್ ಅಂಗಡಿಯಲ್ಲಿ ಆರಿಸುವ ಕೆಲಸ ನನ್ನದೇ. ಅಂಗಡಿಯವನು ಮೊದಲು ದೊಡ್ಡ ಕಂಪ್ಯೂಟರಿಗೆ ಹಾಕುವ ಉದ್ದನೆಯ ಮೆಮೊರಿ ಪಟ್ಟಿಯನ್ನು ಮುಂದಿಟ್ಟ. ಸುಮ್ಮನೆ ಅದನ್ನೇ ತಂದಿದ್ದರೆ ಕೂರುತ್ತಲೇ ಇರಲಿಲ್ಲ, ನಾನು ಬಚಾವಾಗುತ್ತಿದ್ದೆ. ಆದರೆ ತಪ್ಪು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಇದಲ್ರಿ, ಲ್ಯಾಪ್‌ಟಾಪಿಂದು ಗಿಡ್ಡ ಇರತೈತೆ" ಎಂದೆ. ತಳದ ಮುಚ್ಚಳ ಬಿಚ್ಚಿಸಿ, ಪಟ್ಟಿ ಕೂರುವ ಸಂದಿಯ ಕಚ್ಚು ಎಲ್ಲಿದೆ ಎಂದು ನೋಡಿ, ಹೊಂದುವುದನ್ನೇ ಆರಿಸಿದೆ. ಅಲ್ಲೇ ಕೂರಿಸುವಂತಿರಲಿಲ್ಲ. ಹೊಸ ವಸ್ತು ಯಾವುದೇ ಬರಲಿ, ಮಾವನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದೆ ನಮ್ಮಲ್ಲಿ ಕೆಲಸಕ್ಕೆ ಇಳಿಯುವುದಿಲ್ಲ.

ಮಾವ ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳಾಡಿಸಿ, ಪಟ್ಟಿಯ ಅಂಚಿನಲ್ಲಿ ಹೊಳೆಯುವ ಹಲ್ಲುಗಳ ಮೇಲೇ ಗೆರೆ ಎಳೆದರು.

"ಮಾವಾರೇ, ಮುಚ್ಚಳಕ್ಕ ಹಚ್ರಿ."

"ಮುಚ್ಚಳ ಹಳೇದವ್ವಾ. ಹೊಸಾದು ಇದು ಅಲ್ಲನು?"

ಒಣಗಿದ ಮೇಲೆ ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದೆ. ಎರಡು ಬದಿಯ ಕೊಕ್ಕೆಗಳು ಟಕ್ಕೆಂದವು. ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಪರದೆ ಕಪ್ಪು, ಬರೀ ಪೀಂ ಪೀಂ ಸದ್ದು.

ನನಗೆ ಕುಣಿಯಬೇಕೆನಿಸಿತು. ಹಲ್ಲುಗಳಿಗೆ ವಿಭೂತಿ ಮೆತ್ತಿಕೊಂಡು ಕರೆಂಟು ಹಾಯುತ್ತಿಲ್ಲ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡು ಅದನ್ನು ವಾಪಸು ಕಳಿಸಿದರೆ ಸಾಕು, ಹರಿಹರ ನನ್ನದಾಗಿಯೇ ಉಳಿಯುತ್ತದೆ.

ಆಗ ಮಾವ ಮಗನಿಗೆ ಹೇಳಿದರು, "ಹೋಗ್ಲಿ ಬಿಡಪ್ಪ. ಹೆಣ್ಣುಮಕ್ಕಳು ಆರಿಸಿದ್ದು, ಹೆಚ್ಚುಕಮ್ಮಿ ಆಗತೈತೆ."

ಬೈದದ್ದಲ್ಲ, ನನ್ನ ಪರವಾಗಿಯೇ ಆಡಿದ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. "ನಾ ಆರಿಸಿದ್ದು ಸರಿ ಐತ್ರಿ!" ಎಂದವಳೇ ಲ್ಯಾಪ್‌ಟಾಪ್ ಬಂದ್ ಮಾಡಿ, ಪಟ್ಟಿಯನ್ನು ಹೊರತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ತಿಕ್ಕಿ ತಿಕ್ಕಿ ಸ್ವಚ್ಛ ಮಾಡಿ, ಮತ್ತೆ ಕೂರಿಸಿದೆ. ಈ ಸಲ ಪರದೆ ಬೆಳಗಿತು. ಮೂಲೆಯಲ್ಲಿ ಮೆಮೊರಿಯ ಅಂಕಿ ಸರಸರನೆ ಏರಿ, ಹಳೆಯದನ್ನೂ ದಾಟಿ ನಿಂತಿತು. ಲಗ್ನಪತ್ರಿಕೆಯ ಪುಟ ಒಂದೇ ಏಟಿಗೆ ತೆರೆಯಿತು. ಗೆದ್ದವಳಂತೆ ಇಬ್ಬರ ಮುಖವನ್ನೂ ನೋಡಿದೆ.

"ಶಾಣ್ಯಾಕಿ ನಮ್ಮ ಸೊಸಿ," ಮಾವ ನಿಜವಾಗಿಯೂ ಹಿಗ್ಗಿದರು. "ಇನ್ನ ಹರಿಹರದ ತ್ರಾಸ ತಪ್ಪಿತು ನೋಡವ್ವಾ. ಆರಾಮಾಗಿ ಮನ್ಯಾಗ ಕುಂತು ಮಾಡು."

ಮುಂದಿನ ವಾರದಿಂದ ಹರಿಹರಕ್ಕೆ ನನ್ನ ಪುಟಗಳ ಫ್ಲಾಪಿ ಹೋಗಿಬರತೊಡಗಿತು, ಯಜಮಾನರ ಅಂಗಿಯ ಜೇಬಿನಲ್ಲಿ ಕೂತು, ಬಾತಿ ದಾಟಿ.