ಮೂರನೇ ವೈರು

ಆ ಪ್ಯಾನೆಲ್ ಕಟ್ಟಿದಾಕಿ ನಾನು. ಮೊದಲನೇ ವೈರಿಂದ ಕಡೀ ಸ್ಕ್ರೂ ತನಕ ಒಬ್ಬಾಕಿನ. ಬಡಾಯಿ ಕೊಚ್ಚಾಕತ್ತಾಳ ಅಂತೀರೇನು? ಅನ್ರಿ, ನನಗೇನು ಬ್ಯಾಸರಿಲ್ಲ. ಆಳೆತ್ತರದ ಕಬ್ಬಿಣದ ಕಪಾಟು, ಒಳಗ ಎಣ್ಣಿ ಹಚ್ಚಿ ಬಾಚಿದ ಹೆರಳಿನಂಗ ಸಾಲಾಗಿ ನೂರಾರು ವೈರು, ನಟ್ಟನಡುವ ಪಿಎಲ್‌ಸಿ. ಪಿಎಲ್‌ಸಿ ಅಂದ್ರ ಕಾರ್ಖಾನಿ ನಡಸೋ ಸಣ್ಣ ಕಂಪ್ಯೂಟರು. ಒಂದು ಕಡೆ ಶಾಖ ಎಷ್ಟೈತಿ ಅಂತ ಸೆನ್ಸರಿಂದ ಕೇಳಕೊಂತೈತಿ, ಇನ್ನೊಂದು ಕಡೆ ಉಗಿ ಬಿಡು, ಉಗಿ ನಿಲ್ಲಸು ಅಂತ ವಾಲ್ವಿಗೆ ಹುಕುಂ ಕೊಡತೈತಿ. ಹೈದರಾಬಾದಿನ ಬಾಲಾನಗರದ ನಮ್ಮ ವರ್ಕ್‌ಶಾಪಿನ್ಯಾಗ ವೈರಿಂಗ್ ಮಾಡೋರು ಬ್ಯಾರೆ, ಪ್ರೋಗ್ರಾಮ್ ಬರಿಯೋರು ಬ್ಯಾರೆ ಇದ್ರು. ಎರಡೂ ಬರ್ತಿದ್ದದ್ದು ನನಗೊಬ್ಬಾಕಿಗೇ. ಅಲ್ಲಿದ್ದ ಹೆಣ್ಣೂ ನಾನೊಬ್ಬಾಕಿನ.

ನಮ್ಮ ಮನಿ ಕುಷಾಯಿಗೂಡದಾಗಿತ್ತು. ಅಜ್ಜ ಕಲಬುರ್ಗಿ ಕಡಿಂದ ಸರ್ಕಾರಿ ನೌಕರಿಗೆ ಅಂತ ಹೈದರಾಬಾದಿಗೆ ಬಂದವರು, ಅಪ್ಪನೂ ಸರ್ಕಾರಿ ಆಫೀಸಿನ್ಯಾಗ ಗುಮಾಸ್ತ. ನಾನು ಪಾಲಿಟೆಕ್ನಿಕ್ ಮುಗಿಸಿ ಸ್ಕ್ರೂಡ್ರೈವರ್ ಹಿಡದಾಗ ಅವ್ವ, "ಬ್ಯಾಂಕಿನ ಪರೀಕ್ಷಾ ಬರಿ ಅಂದ್ರ ಇದೇನವಾ ನಿಂದು ಹೊಸಾ ಹುಚ್ಚು?" ಅಂತ ಗೊಣಗಿದ್ಲು. ಆದ್ರ ಮನಿಗೆ ಯಾರರ ಬಂದ್ರ ಸಾಕು, ಚಾದ ಕಪ್ಪು ಕೈಗೆ ಕೊಡೂದ್ರೊಳಗ, "ನಮ್ಮಾಕಿ ಮಿಷಿನ್ನಿಗೆ ಬುದ್ಧಿ ಹಾಕ್ತಾಳ್ರೀ" ಅಂತ ಶುರು ಹಚ್ಚಗೋತಿದ್ಲು. ನಾನು ಒಳಗಿನ ಖೋಲಿಯಿಂದ ಕಿವಿ ನಿಮಿರಿಸಿ ಕೇಳ್ತಿದ್ದೆ.

ಪ್ಯಾನೆಲ್ ಹೋಗಿದ್ದು ಒಂದು ಸಣ್ಣ ಗುಳಿಗಿ ಕಾರ್ಖಾನಿಗೆ. ಗುಳಿಗಿ ಒತ್ತೋಕಿಂತ ಮೊದಲ ಔಷಧದ ಹಸಿ ರವಾ ಇರತೈತಲ್ಲ, ಅದನ್ನ ತಾಟಿನ್ಯಾಗ ಹರವಿ ದೊಡ್ಡ ದೊಡ್ಡ ಬಿಸಿಗಾಳಿ ಕಪಾಟಿನ್ಯಾಗ ಇಟ್ಟು ಒಣಗಸ್ತಾರ. ಡ್ರೈಯರ್ ಅಂತಾರ ಅದಕ್ಕ. ಅಂಥಾವು ನಾಕಿದ್ದವು. ಒಂದೊಂದರಾಗೂ ಒಂದೊಂದು ಸೆನ್ಸರ್, ನಾಕೂ ಸೇರಿ ನನ್ನ ಪ್ಯಾನೆಲ್ಲಿಗೆ. ಅರವತ್ತು ಡಿಗ್ರಿ ಮುಟ್ಟಿದ ಕೂಡ್ಲೇ ಉಗಿ ತಾನ ನಿಲ್ಲಬೇಕು, ಇಳದ್ರ ತಾನ ಬಿಡಬೇಕು.

ಕಾರ್ಖಾನಿ ಮಾಲೀಕರು ಶುಕ್ರವಾರ ಮುಹೂರ್ತ ಇಡಿಸಿದ್ರು. ಹತ್ತೂವರಿಗೆ ರಾಹುಕಾಲ ಹತ್ತೋದ್ರೊಳಗ ಸ್ವಿಚ್ ಬೀಳಬೇಕು. ಹೂವಿನ ಹಾರ, ತೆಂಗಿನಕಾಯಿ, ಪೂಜಾರಪ್ಪ ಎಲ್ಲಾ ತಯಾರು. ನಾನು ಮುಂಜಾನೆ ನೋಡ್ತೀನಿ, ನಾಕನೇ ಡ್ರೈಯರಿಗೆ ಕೇಬಲ್ಲೇ ಇಲ್ಲ! ಉಳಿದ ಮೂರಕ್ಕೂ ಮೂರೆಳಿ ಕೇಬಲ್ ಎಳದಿದ್ದೆ. ಇದು ಮಾತ್ರ ಕಾರ್ಖಾನಿಯ ಆ ತುದಿಗೆ, ನಲವತ್ತು ಮೀಟರ್ ದೂರ. ಮೂರೆಳಿದು ತೀರಿಹೋಗಿತ್ತು, ಅವರ ಸ್ಟೋರಿನ್ಯಾಗ ಎರಡೆಳಿದು ಇತ್ತು. ಅದನ್ನ ಎಳದೆ. ಮೂರನೇ ವೈರು ಬರಬೇಕಾದ ಜಾಗಕ್ಕ ಪ್ಯಾನೆಲ್ಲಿನೊಳಗ ಬೆರಳುದ್ದದ ಕೆಂಪು ತುಂಡು ವೈರು ಹಾಕಿ ಪಕ್ಕದ್ದಕ್ಕ ಜೋಡಿಸಿಬಿಟ್ಟೆ. ಹಂಗ ಮಾಡದಿದ್ರ ಸ್ಕ್ರೀನಿನ ಮ್ಯಾಲೆ ಎರರ್ ಬರ್ತಿತ್ತು, ಮುಹೂರ್ತ ಕೆಟ್ಟು ಹೋಗ್ತಿತ್ತು. ಸೋಮವಾರ ಬಂದು ಬದಲ ಮಾಡಿದ್ರಾತು ಅನಕೊಂಡೆ.

ಕಾಯಿ ಒಡದ್ರು, ಸ್ವಿಚ್ ಹಾಕಿದ್ರು. ಸ್ಕ್ರೀನಿನ ಮ್ಯಾಲೆ ನಾಕು ಅಂಕಿ ಮೂಡಿದವು. ಮೂವತ್ತೊಂದು, ಮೂವತ್ತೊಂದು, ಮೂವತ್ತೊಂದು, ಮೂವತ್ತೆಂಟು. ನಾಕನೇದರಾಗ ನಿನ್ನಿ ಕೈಲೆ ನಡಸಿದ್ದರ ಬಿಸಿ ಉಳದಿರಬೇಕು ಅಂತ ನನಗ ನಾನ ಹೇಳಕೊಂಡೆ. ಅಷ್ಟರಾಗ ಎಲ್ಲಾರೂ ಚಪ್ಪಾಳಿ ತಟ್ಟಿದ್ರು, ಮಾಲೀಕರು ಮೊದಲನೇ ಪೇಢಾ ನನ್ನ ಕೈಗೆ ಇಟ್ರು. ಇನ್ನೇನು ಕೇಳ್ತೀರಿ, ನನ್ನ ಕಾಲು ನೆಲದ ಮ್ಯಾಲೆ ಇರಲಿಲ್ಲ. ಸೋಮವಾರ ಬ್ಯಾರೆ ಕೆಲಸ ಬಂತು. ಕೆಂಪು ತುಂಡು ಮರತೇ ಹೋತು.

ಎರಡು ತಿಂಗಳಿಗೆ ಆ ಕಾರ್ಖಾನಿಯ ಮ್ಯಾನೇಜರು ಕರೆ ಕಳಿಸಿದ್ರು. ನಾಕನೇ ಡ್ರೈಯರಿನ ರವಾ ಹಸಿ ಉಳಿಯಾಕತ್ತೈತಿ, ಗುಳಿಗಿ ಅಚ್ಚಿಗೆ ಹತ್ತಾಕತ್ತಾವು, ಎರಡು ಸಲ ಮಾಲು ಚೆಲ್ಲಿದ್ದಾತು. ಸ್ಕ್ರೀನಿನ್ಯಾಗ ಮಾತ್ರ ದಿನಾ ಅರವತ್ತು. ಅಂದ್ರ ತಪ್ಪು ಯಾರದು? ಅದನ್ನ ನಡಸೋ ಆಪರೇಟರದು. ಹೊತ್ತಿಗೆ ಮುಂಚೆ ಬಾಗಲಾ ತಗದು ಮಾಲು ಹೊರಗ ತರ್ತಾರ ಅಂತ ಮ್ಯಾನೇಜರು ನಿರ್ಧಾರ ಮಾಡಿದ್ರು. ಕೆಲಸದಿಂದ ತಗಿಯೋ ಕಾಗದ ಟೈಪ್ ಆಗಿತ್ತು. ಅದಕ್ಕ ಜೋಡಿಸಾಕ ಪಿಎಲ್‌ಸಿಯೊಳಗಿನ ರಿಕಾರ್ಡ್ ತಗದು ಕೊಡು ಅಂತ ನನ್ನ ಕರಸಿದ್ದು.

ಆ ಆಪರೇಟರು ಬೀದರ ಕಡಿಯವರು, ಐವತ್ತು ದಾಟಿದವರು. ಇಡೀ ಕಾರ್ಖಾನ್ಯಾಗ ನನ್ನ ಕೂಡ ಕನ್ನಡ ಆಡ್ತಿದ್ದವರು ಅವರೊಬ್ರ. ನಾ ಅವರಿಗೆ ಕಾಕಾ ಅಂತಿದ್ದೆ, ಅವರು ನನಗ ತಂಗಿ ಅಂತಿದ್ರು. ಮ್ಯಾನೇಜರ ಖೋಲ್ಯಾಗ ನನಗ ಕುರ್ಚಿ, ಚಾ, ಉಸ್ಮಾನಿಯಾ ಬಿಸ್ಕೀಟು. ಕಾಕಾ ಗ್ವಾಡಿಗೆ ಹತ್ತಿ ನಿಂತಿದ್ರು. ಮ್ಯಾನೇಜರು ತೆಲುಗಿನ್ಯಾಗ, "ಮೆಷಿನ್ ಅಬದ್ಧಂ ಚೆಪ್ಪದು ಕದಮ್ಮಾ" ಅಂದ್ರು. ಮಿಷಿನ್ ಸುಳ್ಳು ಹೇಳಂಗಿಲ್ಲಲ್ಲ ಅಂತ. ನಾನು ಹೆಮ್ಮಿಲೆ ಗೋಣು ಹಾಕಿದೆ. ನನ್ನ ಮಿಷಿನ್ ಸುಳ್ಳು ಹೇಳೂದಂದ್ರೇನು!

ಕಾಕಾ ಮೆಲ್ಲಕ ಅಂದ್ರು, "ತಂಗಿ, ನಿನ್ನ ಮಿಷಿನ್ನಿಗೆ ನಾ ಏನೂ ಅನ್ನಾಂಗಿಲ್ಲ. ಆದ್ರ ನಾ ಬಾಗಲಾ ಮುಂಚೆ ತಗದಿಲ್ಲ. ಒಂದ ಸಲ ಹಳೇ ಥರ್ಮಾಮೀಟರ್ ಇಟ್ಟು ನೋಡ್ತೀಯೇನು?"

ನನಗ ಸಿಟ್ಟು ನೆತ್ತಿಗೇರ್ತು. ಇಷ್ಟು ದೊಡ್ಡ ಪ್ಯಾನೆಲ್ಲಿಗೆ ಗಾಜಿನ ಕೊಳವಿ ಸಾಕ್ಷಿ ಹೇಳಬೇಕೇನು? "ಬರ್ರಿ ಕಾಕಾ, ನಿಮ್ಮ ಸಮಾಧಾನಕ್ಕ ಅದೂ ಆಗಲಿ" ಅಂತ ದಡದಡ ನಡದೆ. ಡ್ರೈಯರ್ ಬಿಸಿ ಆಗಿ ಉಗಿ ನಿಂತಿತ್ತು. ಸೆನ್ಸರ್ ಪಕ್ಕದಾಗ ಥರ್ಮಾಮೀಟರ್ ಇಟ್ಟೆ. ಕಾಕಾ ತಾಟಿನಿಂದ ಒಂದು ಹಿಡಿ ರವಾ ತಗದು ಮುಷ್ಟಿ ಬಿಗಿದು ಬಿಟ್ರು. ಅಂಗೈ ಮ್ಯಾಲೆ ಉಂಡಿ ಹಂಗ ನಿಂತು ಬಿಡ್ತು. ಒಣಗಿದ್ರ ಉದರಬೇಕಿತ್ತಂತ. ನಾನು ಥರ್ಮಾಮೀಟರ್ ನೋಡಿದೆ. ಐವತ್ಮೂರು. ಸ್ಕ್ರೀನ್ ನೋಡಿದೆ. ಅರವತ್ತು.

ಏಳು ಡಿಗ್ರಿ.

ಪ್ಯಾನೆಲ್ಲಿನ ಬಾಗಲಾ ತಗದೆ. ನನ್ನ ಚೆಂದನ ವೈರಿಂಗಿನ ನಡುವ, ಎರಡೂ ತುದಿಗೆ ನಂಬರಿನ ಉಂಗುರ ಏರಿಸಿಕೊಂಡು, ಆ ಕೆಂಪು ತುಂಡು ಆರಾಮ ಕುಂತಿತ್ತು.

ಈ ಸೆನ್ಸರಿನ ಲೆಕ್ಕ ಇಷ್ಟ: ಶಾಖ ಏರಿದಂಗ ಅದರೊಳಗ ಕರೆಂಟಿಗೆ ಅಡ್ಡಿ ಏರತೈತಿ, ಪಿಎಲ್‌ಸಿ ಆ ಅಡ್ಡಿ ಅಳದು ಡಿಗ್ರಿ ಹೇಳತೈತಿ. ಆದ್ರ ನಲವತ್ತು ಮೀಟರ್ ತಾಮ್ರದ ವೈರಿಗೂ ತನ್ನದೊಂದು ಅಡ್ಡಿ ಇರತೈತಲ್ಲ? ಅದೆಷ್ಟು ಅಂತ ಹೇಳಾಕ ಮೂರನೇ ವೈರು. ಸೆನ್ಸರಿನ ತಲಿ ತನಕ ಅದು ಹೋಗಿದ್ರ ಪಿಎಲ್‌ಸಿ ವೈರಿನ ಅಡ್ಡಿ ಕಳದು ಬರೇ ಶಾಖ ತೋರಸತೈತಿ. ನಾನು ಅದನ್ನ ಪ್ಯಾನೆಲ್ಲಿನ್ಯಾಗ ಮುಗಿಸಿಬಿಟ್ಟಿದ್ದೆ. ತುಪ್ಪದ ಡಬ್ಬಿ ತೂಕ ಕಳೀಲಾರದ ತುಪ್ಪ ತೂಗಿದಂಗಾತು. ಐವತ್ಮೂರಕ್ಕ ಅರವತ್ತಂತ ಉಗಿ ನಿಲ್ತಿತ್ತು, ಮಾಲು ಹಸಿ ಉಳೀತಿತ್ತು.

ಈಗ ಖರೇ ಹೇಳ್ತೀನಿ. ಆ ಹೊತ್ತಿನ್ಯಾಗ ಮೊದಲು ಹೊಳದದ್ದು ಒಪ್ಪಿಕೊಳ್ಳೂದಲ್ಲ. ಪ್ರೋಗ್ರಾಮಿನ್ಯಾಗ "ನಾಕನೇದರಾಗ ಏಳು ಕಳಿ" ಅಂತ ಒಂದ ಸಾಲು ಬರದ್ರ ಮುಗೀತಿತ್ತು. ಮ್ಯಾನೇಜರು ಚಾ ಕುಡಿಯಾಕತ್ತಿದ್ರು. ಕಾಕಾಗ ಕಂಪ್ಯೂಟರು ತಿಳೀತಿರಲಿಲ್ಲ. ನನ್ನ ಹೆಸರು ಉಳೀತಿತ್ತು, ನಾಳಿಂದ ರವಾ ಒಣಗತಿತ್ತು, ನನ್ನ ರಿಕಾರ್ಡ್ ಜೋಡಿಸಿದ ಕಾಗದ ಹಿಡಕೊಂಡು ಕಾಕಾ ಮನಿಗೆ ಹೋಗ್ತಿದ್ರು. ಲ್ಯಾಪ್‌ಟಾಪ್ ಬಿಚ್ಚಿ ಕುಂತಿದ್ದೆ, ಬೆರಳು ಕೀ ಮ್ಯಾಲಿತ್ತು. ಪಕ್ಕದಾಗ ಕಾಕಾ ಆ ಹಸಿ ಉಂಡಿ ಹಿಡಕೊಂಡು ಹಂಗ ನಿಂತಿದ್ರು. ಥೂ ನಿನ್ನ, ಅಂತ ನನಗ ನಾನ ಬೈಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಮ್ಯಾನೇಜರ ಮುಂದ ಹೋಗಿ, "ತಪ್ಪು ನಾದಿ ಸಾರ್" ಅಂದೆ. ತಪ್ಪು ನಂದು ಅಂತ. ತೆಲುಗಿನ್ಯಾಗ ನಾ ಅಂದ ಎಲ್ಲಾ ಮಾತಿಗಿಂತ ಸಣ್ಣ ಮಾತು, ಬಾಯಿಂದ ಹೊರಡಾಕ ಭಾಳ ತ್ರಾಸಾತು. ಅವರು ನಂಬಲಿಲ್ಲ, ಈ ಹುಡುಗಿ ಮುದುಕನ್ನ ಉಳಸಾಕತ್ತಾಳ ಅಂದ್ರು. ಅವರನ್ನ ಕರಕೊಂಡು ಹೋಗಿ ಥರ್ಮಾಮೀಟರ್ ತೋರಿಸಿದೆ, ಕೆಂಪು ತುಂಡು ತೋರಿಸಿದೆ. ಆಮೇಲೆ ಬಿಳಿ ಹಾಳಿ ಇಸಕೊಂಡು, ನಾಕನೇ ಸೆನ್ಸರಿನ ವೈರಿಂಗ್ ನಾನು ತಪ್ಪು ಮಾಡೀನಿ, ಎರಡು ತಿಂಗಳ ಆ ರಿಕಾರ್ಡ್ ಯಾರ ವಿರುದ್ಧನೂ ಉಪಯೋಗಿಸಬಾರದು ಅಂತ ಬರದು ಸಹಿ ಹಾಕಿದೆ. ನಮ್ಮ ವರ್ಕ್‌ಶಾಪಿನ ಮಾಲೀಕರಿಗೆ ಫೋನ್ ಹೋತು. ಅವರು ಅಂದದ್ದು ಇಲ್ಲೆ ಬರಿಯೋ ಹಂಗಿಲ್ಲ. ಅನ್ನಲಿ ಬಿಡ್ರಿ. ಆಮೇಲೆ ಎಷ್ಟೋ ಪ್ಯಾನೆಲ್ ಕಟ್ಟೀನಿ, ಇದಕ್ಕಿಂತ ದೊಡ್ಡವು, ಚೆಂದದವು. ಆದ್ರ ನನ್ನ ಕೆಲಸದಾಗ ಯಾವುದು ಭಾಳ ಛಲೋ ಅಂತ ಯಾರರ ಕೇಳಿದ್ರ, ನಾ ಆ ಹಾಳಿಯನ್ನ ಹೇಳ್ತೀನಿ.

ಮಧ್ಯಾಹ್ನ ಮೂರೆಳಿ ಕೇಬಲ್ ತರಿಸಿ ಎಳದೆ. ಆ ತುದಿಯಿಂದ ಕೇಬಲ್ ಬಿಚ್ಚಿ ಬಿಚ್ಚಿ ಕೊಟ್ಟವರು ಕಾಕಾನ. ಸಂಜಿಗೆ ಸ್ಕ್ರೀನೂ ಅರವತ್ತು, ಥರ್ಮಾಮೀಟರೂ ಅರವತ್ತು. ಮ್ಯಾನೇಜರು ಕಾಕಾನ ಒಳಗ ಕರದು, ಟೈಪ್ ಮಾಡಿದ ಕಾಗದ ಅವರ ಮುಂದ ಹರದು ಬುಟ್ಟಿಗೆ ಹಾಕಿದ್ರಂತ. ಕಾಕಾ ಹೊರಗ ಬಂದು ನನ್ನ ಪ್ಯಾನೆಲ್ ಹತ್ರ ನಿಂತ್ರು. ನಾನು ಬೈಗಳಕ್ಕ ತಯಾರಾಗಿದ್ದೆ. ಬೈದಿದ್ರ ಎಷ್ಟೋ ಹಗುರಾಗ್ತಿತ್ತು.

"ಎರಡು ತಿಂಗಳಾತು ತಂಗಿ" ಅಂದ್ರು. "ನನ್ನ ಕೈ ಹಸಿ ಅಂತಿತ್ತು, ನಿನ್ನ ಮಿಷಿನ್ ಒಣಗೈತಿ ಅಂತಿತ್ತು. ಓದಿದ ಹುಡುಗಿ ಕಟ್ಟಿದ್ದು ತಪ್ಪಾಂಗಿಲ್ಲ, ನನ್ನ ಕೈಗೇ ಹಸಿ-ಒಣ ತಿಳಿಯೂದು ಹೋಗಾಕತ್ತೈತಿ ಅನಕೊಂಡೆ. ದವಾಖಾನಿಗೆ ಹೋಗಿ ತೋರಿಸಿ ಬಂದೆ."

ಅಂಗಿ ಕಿಸೆದಿಂದ ಗುಳಿಗಿ ಪಟ್ಟಿ ತಗದ್ರು. ಅರ್ಧ ಖಾಲಿ ಆಗಿತ್ತು.

"ನರಕ್ಕ ಅಂತ ಕೊಟ್ಟಾರ. ದಿನಾ ಎರಡು ನುಂಗಾಕತ್ತೀನಿ." ಡಾಕ್ಟ್ರನ್ನ ಕೇಳಿದಂಗ ನನ್ನ ಮುಖ ನೋಡಿದ್ರು. "ಇನ್ನ ಇವು ಬ್ಯಾಡೇನು?"

"ಬ್ಯಾಡ ಕಾಕಾ" ಅಂದೆ. "ನಿಮ್ಮ ಕೈಗೆ ಏನೂ ಆಗಿಲ್ಲ."